ಕೆಲಸ ತೋರಿಸುವ ಕೆಲಸ

ಬೆಂಗಳೂರಿನಲ್ಲಿ ಈಗ ಪುರುಸೊತ್ತೇ ಇಲ್ಲದವರು ಯಾರೆಂದರೆ ಕೆಲಸ ಇಲ್ಲದವರು. ಬಿಟಿಎಂ ಲೇಔಟಿನ ಯಾವ ಪಿಜಿಗೆ ಹೋದರೂ ಸರಿ, ಮಂಚದ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರಿದ ಚಿತ್ರಾನ್ನ, ನಡುವೆ ಎಂಜಿನಿಯರಿಂಗ್ ಮುಗಿಸಿದ ಒಂದು ಜೀವ. ಸಂಬಳವಿಲ್ಲ, ಭಾನುವಾರವಿಲ್ಲ, ಗದರಿಸಲು ಮ್ಯಾನೇಜರ್ ಕೂಡ ಇಲ್ಲ. ದುಡಿಮೆ ಮಾತ್ರ ಬೆಳಗಿನಿಂದ ನಡುರಾತ್ರಿಯವರೆಗೆ. ‘ಏನಪ್ಪಾ ಮಾಡ್ತಿದೀಯಾ?’ ಅಂದರೆ ತಲೆ ಎತ್ತದೆಯೇ ಉತ್ತರ ಬರುತ್ತದೆ: ‘ಪೋರ್ಟ್‌ಫೋಲಿಯೊ ಅಂಕಲ್.’

ಹಿಂದೆ ಅರ್ಜಿ ಗುಜರಾಯಿಸುವವನ ಸಾಮಗ್ರಿ ಕಡಿಮೆಯಿತ್ತು. ಎರಡು ಪುಟದ ಬಯೋಡೇಟಾ, ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಯ ಸಹಿ ಬಿದ್ದ ಅಂಕಪಟ್ಟಿಯ ನಕಲು, ಕತ್ತಿನವರೆಗೆ ಗುಂಡಿ ಹಾಕಿದ ಪಾಸ್‌ಪೋರ್ಟ್ ಅಳತೆಯ ಫೋಟೊ, ಮತ್ತು ಆ ಆಫೀಸಿನಲ್ಲಿ ಕೆಲಸ ಮಾಡುವ ದೂರದ ಒಬ್ಬ ಮಾವ. ಇವುಗಳಲ್ಲಿ ಮಾವ ಒಬ್ಬರೇ ಇಂದಿಗೂ ಉಳಿದಿದ್ದಾರೆ. ಈಗ ಅವರನ್ನು ರೆಫರಲ್ ಎಂದು ಕರೆಯುತ್ತಾರೆ. ಮಿಕ್ಕ ಎಲ್ಲದರ ಜಾಗಕ್ಕೆ ಒಂದು ವೆಬ್‌ಸೈಟ್ ಬಂದಿದೆ. ಗೆಜೆಟೆಡ್ ಅಧಿಕಾರಿಯ ಕೆಲಸವನ್ನೂ ಅಭ್ಯರ್ಥಿಯೇ ವಹಿಸಿಕೊಂಡಿರುವುದರಿಂದ ತನ್ನ ಯೋಗ್ಯತೆಗೆ ತಾನೇ ಠಸ್ಸೆ ಒತ್ತಿಕೊಳ್ಳುವ ಅನುಕೂಲ ಸಿಕ್ಕಿದೆ.

ಈ ವೆಬ್‌ಸೈಟ್‌ಗಳನ್ನು ಒಂದು ಬಾರಿಗೆ ಒಂದೊಂದೇ ನೋಡಬಾರದು. ಸಾಲಾಗಿ ನೋಡಬೇಕು. ಆಗ ಗೊತ್ತಾಗುತ್ತದೆ, ಇಡೀ ರಾಜ್ಯದಲ್ಲಿ ಇರುವುದು ಒಬ್ಬನೇ ಎಂಜಿನಿಯರ್, ಅವನಿಗೆ ಲಕ್ಷಾಂತರ ಹೆಸರು ಎಂದು. ಕಪ್ಪು ಹಿನ್ನೆಲೆ. ಅದರ ಮೇಲೆ ಮಿಣುಕುವ ಚುಕ್ಕೆಗಳು. ನಡುವೆ ಕೈಬೀಸುವ ಹಳದಿ ಹಸ್ತ. ‘ಹಾಯ್, ನಾನು ಇಂಥವನು’ ಎಂದ ಮೇಲೆ ಅಕ್ಷರಗಳು ತಾವೇ ಟೈಪ್ ಆಗುತ್ತವೆ: ಡೆವಲಪರ್. ಅಳಿಸಿಹೋಗುತ್ತದೆ. ಡಿಸೈನರ್. ಅಳಿಸಿಹೋಗುತ್ತದೆ. ಥಿಂಕರ್. ಇದೂ ಅಳಿಸಿಹೋಗುತ್ತದೆ. ಮೂರರಲ್ಲಿ ಒಂದೂ ನಿಲ್ಲದಿರುವುದು ಪ್ರಾಮಾಣಿಕತೆಯ ಲಕ್ಷಣವೆಂದು ನನ್ನ ಅಭಿಪ್ರಾಯ.

ಕೆಳಗೆ ಇಳಿದರೆ ಕೌಶಲ್ಯಗಳ ಪಟ್ಟಿಗಳು. ಪೈಥಾನ್ 90 ಪರ್ಸೆಂಟ್, ಜಾವಾಸ್ಕ್ರಿಪ್ಟ್ 85 ಪರ್ಸೆಂಟ್, ನಾಯಕತ್ವ 95 ಪರ್ಸೆಂಟ್. ಪಿಜಿಯಲ್ಲಿ ನೀರು ನಿಂತಾಗ ಓನರ್‌ಗೆ ಫೋನ್ ಮಾಡಲು ನಾಲ್ಕು ದಿನ ಹಿಂಜರಿದವನ ನಾಯಕತ್ವ ಅದು. ಪೈಥಾನ್ ಭಾಷೆಯನ್ನು ಹುಟ್ಟಿಸಿ 1991ರಲ್ಲಿ ಲೋಕಕ್ಕೆ ಕೊಟ್ಟ ಗೀಡೊ ವಾನ್ ರಾಸಮ್ ತಮಗೆ ತಾವು ಎಷ್ಟು ಪರ್ಸೆಂಟ್ ಕೊಟ್ಟುಕೊಳ್ಳುತ್ತಾರೋ ತಿಳಿಯದು. ನಮ್ಮ ಹುಡುಗ ಅವರಿಗೆ ಹತ್ತೇ ಹತ್ತು ಬಿಟ್ಟುಕೊಟ್ಟಿದ್ದಾನೆ. ಅದರ ಕೆಳಗೆ ಶೂನ್ಯದಿಂದ ಸರ್ರನೆ ಏರುವ ಅಂಕಿಗಳು: ಸಂತೃಪ್ತ ಗ್ರಾಹಕರು 50, ಮುಗಿಸಿದ ಪ್ರಾಜೆಕ್ಟ್ 120, ಕುಡಿದ ಕಾಫಿ 1,500. ಗ್ರಾಹಕರು ಯಾರಪ್ಪ ಎಂದು ವಿಚಾರಿಸಿದರೆ ಟೆಂಪ್ಲೇಟಿನಲ್ಲಿ ಹಾಗೇ ಇತ್ತು ಎನ್ನುತ್ತಾನೆ. ಕಾಫಿಯೂ ಟೆಂಪ್ಲೇಟಿನದ್ದೇ. ಆತ ಕುಡಿಯುವುದು ಬೂಸ್ಟ್.

ಕೆಲವರ ‘ಅನುಭವ’ ವಿಭಾಗದಲ್ಲಿ ಟೆಂಪ್ಲೇಟಿನ ‘ಲೋರೆಮ್ ಇಪ್ಸಮ್’ ಹಾಗೇ ಉಳಿದುಬಿಟ್ಟಿರುತ್ತದೆ. ಅದು ಕ್ರಿ.ಪೂ. 45ರಲ್ಲಿ ರೋಮಿನ ಸಿಸೆರೊ ಒಳಿತು ಕೆಡುಕುಗಳ ಬಗ್ಗೆ ಬರೆದ ಗ್ರಂಥದಿಂದ ಹರಿದು ಕಲಸಿದ ಲ್ಯಾಟಿನ್. ಆ ಪುಟದಲ್ಲಿ ತೂಕವಿರುವ ಬರಹ ಅದೊಂದೇ ಆದ್ದರಿಂದ ತೆಗೆಯಬೇಡ ಎಂದು ನಾನು ಸಲಹೆ ಕೊಡುತ್ತೇನೆ.

ಇನ್ನು ವಿಳಾಸ. ಪುಕ್ಕಟೆ ಸಿಗುವ ವಿಳಾಸದಲ್ಲಿ ಘನತೆ ಇಲ್ಲವೆಂದು ಕೋರ್ಸ್ ಹೇಳಿಕೊಟ್ಟವರು ಹೇಳಿರುತ್ತಾರೆ. ಹಾಗಾಗಿ ಅಪ್ಪ ಮೆಸ್ಸಿಗೆಂದು ಕಳಿಸಿದ ಹಣದಲ್ಲಿ ಡೊಮೇನ್ ಖರೀದಿ. ಡಾಟ್ ಮಿ ಎಂದು ಕೊಂಡರೆ ಆ ದುಡ್ಡಿನ ಪಾಲು ಮಾಂಟೆನೆಗ್ರೊ ದೇಶದ ಕಡೆಗೆ. ಡಾಟ್ ಐಒ ಎಂದರೆ ಇನ್ನೂ ಠೀವಿ. ಅದು ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ ವಿಳಾಸ, ಅಂದರೆ ಅಮೆರಿಕದ ಸೇನಾನೆಲೆಗೆ ಜಾಗ ಬೇಕೆಂದು 1968ರಿಂದ 1973ರ ನಡುವೆ ಮೂಲನಿವಾಸಿಗಳನ್ನು ಹಡಗು ಹತ್ತಿಸಿ ಹೊರಹಾಕಿದ ಚಾಗೋಸ್ ದ್ವೀಪಗಳದ್ದು. ಅಲ್ಲಿ ಹುಟ್ಟಿದವರಿಗೆ ವಾಪಸು ಹೋಗಿ ನೆಲೆಸಲು ಜಾಗ ಸಿಗಲಿಲ್ಲ. ಚನ್ನರಾಯಪಟ್ಟಣದ ಹುಡುಗನಿಗೆ ವರ್ಷದ ಬಾಡಿಗೆಗೆ ಸಿಕ್ಕಿದೆ.

ಈ ಎಲ್ಲ ಅಲಂಕಾರ ದಾಟಿ ಬಂದರೆ ಗರ್ಭಗುಡಿ: ‘ನನ್ನ ಪ್ರಾಜೆಕ್ಟ್‌ಗಳು’. ಅಲ್ಲಿ ಪಂಚಾಯತನ ಪೂಜೆ. ಮಾಡಬೇಕಾದ ಕೆಲಸಗಳ ಪಟ್ಟಿ ಬರೆದಿಡುವ ಆ್ಯಪ್ ಒಂದು. ಕಿಟಕಿ ತೆಗೆದರೆ ತಿಳಿಯುವ ಹವಾಮಾನವನ್ನು ಹೇಳುವ ಆ್ಯಪ್ ಎರಡು. ಒತ್ತಿದರೆ ಯಾವ ಸಿನಿಮಾವೂ ಓಡದ ನೆಟ್‌ಫ್ಲಿಕ್ಸ್ ತದ್ರೂಪು ಮೂರು. ಕೃತಕ ಬುದ್ಧಿಮತ್ತೆ ಕಲಿತವರಾದರೆ ಇನ್ನೆರಡು ದೇವರು ಕಡ್ಡಾಯ: ಐರಿಸ್ ಹೂವು ಮತ್ತು ಟೈಟಾನಿಕ್ ಹಡಗು.

ಐರಿಸ್ ಎಂಬುದು 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ತಮ್ಮ ಪ್ರಬಂಧಕ್ಕೆ ಬಳಸಿದ 150 ಹೂವುಗಳ ಅಳತೆ. ಮೂರು ಜಾತಿ, ಜಾತಿಗೆ 50. ತೊಂಬತ್ತು ವರ್ಷಗಳ ಹಿಂದೆಯೇ ಯಾವ ಹೂವು ಯಾವ ಜಾತಿಯೆಂದು ತೀರ್ಮಾನವಾಗಿಹೋಗಿದೆ. ಆದರೂ ನಮ್ಮಲ್ಲಿ ಪ್ರತಿ ಸೆಮಿಸ್ಟರಿಗೂ ಅವನ್ನು ಮತ್ತೆ ವಿಂಗಡಿಸಿ 97 ಪರ್ಸೆಂಟ್ ನಿಖರತೆ ಎಂದು ದಪ್ಪಕ್ಷರದಲ್ಲಿ ಬರೆಯುತ್ತಾರೆ. ವಿಂಗಡಿಸಿದವರಲ್ಲಿ ಒಬ್ಬರೂ ಆ ಹೂವನ್ನು ಕಂಡಿರುವುದಿಲ್ಲ. ಮಲ್ಲಿಗೆಯನ್ನೂ ಕನಕಾಂಬರವನ್ನೂ ಮಾರಿ ಓದಿಸಿದ ತಾಯಿಯ ಮಗನಿಗೂ ಆ ಹೂವೇ ಬೇಕು. ಟೈಟಾನಿಕ್ 1912ರ ಏಪ್ರಿಲ್ 15ರಂದು ಮುಳುಗಿತು. ಯಾರು ಬದುಕಿದರು, ಯಾರು ಸತ್ತರು ಎಂಬ ಪಟ್ಟಿ ಎಲ್ಲರ ಕೈಯಲ್ಲಿದೆ. ಕ್ಯಾಗಲ್ ತಾಣದ ಸ್ಪರ್ಧೆಯಲ್ಲಿ ಆ ಪಟ್ಟಿಯನ್ನೇ ನಕಲಿಳಿಸಿ ನೂರಕ್ಕೆ ನೂರು ಪಡೆದವರೂ ಇದ್ದಾರೆ. ಸತ್ತವರು ಸತ್ತೇ ಇದ್ದಾರೆಂದು ಇಷ್ಟು ನಿಖರವಾಗಿ ಊಹಿಸುವ ತರುಣರಿರುವಾಗ ದೇಶದ ಭವಿಷ್ಯದ ಚಿಂತೆ ಏಕೆ?

ತಿಪಟೂರಿನ ಕಡೆಯ ಒಬ್ಬ ಹುಡುಗನ ಪುಟ ನೋಡಿದೆ. ಅವನ ಅಪ್ಪ ಕೊಬ್ಬರಿ ಮೂಟೆ ಹೊತ್ತು ಎಪಿಎಂಸಿಗೆ ಹೋದಾಗಲೆಲ್ಲ ಇವತ್ತು ಧಾರಣೆ ಎಷ್ಟಕ್ಕೆ ನಿಲ್ಲುತ್ತದೋ ಎಂಬ ಆತಂಕ. ಇಂದು ಮಾರಲೋ, ಮುಂದಿನ ಹರಾಜಿಗೆ ಕಾಯಲೋ ಎಂದು ಮನೆಯಲ್ಲಿ ಚರ್ಚೆ. ಮಗನೋ ಬೆಲೆ ಊಹಿಸುವ ಶಾಸ್ತ್ರವನ್ನೇ ನಾಲ್ಕು ವರ್ಷ ಫೀಸು ಕಟ್ಟಿ ಕಲಿತವನು. ಅವನು ಊಹಿಸಿರುವುದು ಬಾಸ್ಟನ್ ನಗರದ ಮನೆಗಳ ಬೆಲೆ, ಅದೂ 1970ರ ಜನಗಣತಿಯ ಲೆಕ್ಕ ಹಿಡಿದು 1978ರಲ್ಲಿ ಪ್ರಕಟವಾದ 506 ಸಾಲುಗಳಿಂದ. ಆ ಸಾಲುಗಳಲ್ಲಿ ಕಪ್ಪು ಜನರ ಪ್ರಮಾಣವನ್ನೂ ಮನೆ ಬೆಲೆಯ ಲೆಕ್ಕಕ್ಕೆ ಸೇರಿಸಿದ್ದಾರೆಂಬ ಕಾರಣಕ್ಕೆ ಸೈಕಿಟ್‌ಲರ್ನ್ ತಂತ್ರಾಂಶದವರು ಅದನ್ನು ತಮ್ಮ ಕಣಜದಿಂದಲೇ ಕಿತ್ತುಹಾಕಿದ್ದಾರೆ. ನಮ್ಮ ಹುಡುಗ ಹಳೆಯ ಆವೃತ್ತಿಯನ್ನು ಹುಡುಕಿ ಹಾಕಿಕೊಂಡಿದ್ದಾನೆ. ‘ಕೊಬ್ಬರಿ ಧಾರಣೆಯದ್ದೇ ಮಾಡಬಾರದಿತ್ತೇನೋ?’ ಅಂದೆ. ‘ಅದಕ್ಕೆ ಟ್ಯುಟೋರಿಯಲ್ ಇಲ್ಲ ಅಂಕಲ್’ ಅಂದ. ನಾಲ್ಕು ವರ್ಷದ ಶಿಕ್ಷಣದ ಬಗ್ಗೆ ಇದಕ್ಕಿಂತ ಚೊಕ್ಕ ವರದಿಯನ್ನು ಯಾವ ಆಯೋಗವೂ ಕೊಟ್ಟಿಲ್ಲ.

ಪ್ರಾಜೆಕ್ಟ್ ಇದ್ದರೆ ಸಾಲದು, ನಿತ್ಯ ದುಡಿಯುತ್ತಿರುವ ಪುರಾವೆ ಬೇಕು. ಅದಕ್ಕೆ ಗಿಟ್‌ಹಬ್. 2008ರಲ್ಲಿ ಶುರುವಾದ ಈ ತಾಣದಲ್ಲಿ ಕೋಡ್ ಸೇರಿಸಿದ ದಿನ ಒಂದು ಪುಟ್ಟ ಚೌಕ ಹಸಿರಾಗುತ್ತದೆ. ಸೇರಿಸದ ದಿನ ಬೂದು. ತಂಡಗಳು ಕೂಡಿ ತಂತ್ರಾಂಶ ಕಟ್ಟಲಿ ಎಂದು ಮಾಡಿದ್ದ ವ್ಯವಸ್ಥೆ ಅದು. ಈಗ ಪಿಜಿಗಳಲ್ಲಿ ಚೌಕಗಳಿಗೆ ನೀರು ಹಾಕುವುದೇ ಒಂದು ವ್ರತ. ಮಲಗುವ ಮುಂಚೆ ಒಂದು ಚುಕ್ಕೆ ಸೇರಿಸು, ಹಸಿರಾಯಿತು. ನಾಳೆ ಅದೇ ಚುಕ್ಕೆ ಅಳಿಸು, ಮತ್ತೆ ಹಸಿರು. ಅಷ್ಟೂ ಕಷ್ಟವೇಕೆ ಎನ್ನುವವರು ಕೋಡಿನ ದಿನಾಂಕವನ್ನೇ ಹಿಂದಕ್ಕೆ ತಿರುಗಿಸಿ, ಹುಟ್ಟಿದ ವರ್ಷದಿಂದಲೂ ದುಡಿದಂತೆ ಒಂದೇ ರಾತ್ರಿಯಲ್ಲಿ ಹಸಿರು ಬಳಿಯುತ್ತಾರೆ. ಎಷ್ಟು ದಿನ ಸತತ ದುಡಿದಿರಿ ಎಂದು ಎಣಿಸುವ ಅಂಕಿಯನ್ನು ಗಿಟ್‌ಹಬ್ 2016ರಲ್ಲೇ ತೆಗೆದುಹಾಕಿತು. ಚೌಕಗಳನ್ನು ಬಿಟ್ಟಿತು. ವ್ರತಕ್ಕೆ ಅಷ್ಟು ಸಾಕಾಗಿತ್ತು.

ಊರವರ ಕೋಡಿಗೂ ಕೈ ಹಾಕಿ ಸಹಾಯ ಮಾಡಿದರೆ ಪೋರ್ಟ್‌ಫೋಲಿಯೊಗೆ ಕಳೆ ಬರುತ್ತದೆಂದು ಯಾರೋ ಹೇಳಿದರು. ಹೇಳಿದ್ದು ಸರಿಯೇ. ಕೇಳಿಸಿಕೊಂಡದ್ದು ಬೇರೆ. 2020ರ ಅಕ್ಟೋಬರಿನಲ್ಲಿ ಡಿಜಿಟಲ್ ಓಷನ್ ಕಂಪನಿ ಎಂದಿನಂತೆ, ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಎಂದಿತು. ಹೇಗೆ ಸುಲಭವಾಗಿ ಗಿಟ್ಟಿಸಬಹುದು ಎಂದು ನಮ್ಮ ಕಡೆಯ ಯೂಟ್ಯೂಬ್ ಪಾಠವೊಂದು ತೋರಿಸಿತು. ಸರಿ, ಜಗತ್ತಿನ ಪುಕ್ಕಟೆ ತಂತ್ರಾಂಶಗಳ ಪರಿಚಯ ಪುಟಗಳ ತುದಿಗೆಲ್ಲ ‘ಅದ್ಭುತ ಪ್ರಾಜೆಕ್ಟ್’ ಎಂದು ಸೇರಿಸುವ ತಿದ್ದುಪಡಿಗಳ ಪ್ರವಾಹ. ಸಂಜೆ ಹೊತ್ತು ಸಂಬಳವಿಲ್ಲದೆ ಆ ತಂತ್ರಾಂಶಗಳನ್ನು ಕಾಯುವ ಜನ ಕಸ ಗುಡಿಸುತ್ತ ಕೂತರು; ಕೆಲವೇ ದಿನಗಳಲ್ಲಿ ಕಂಪನಿ ನಿಯಮ ಬದಲಿಸಬೇಕಾಯಿತು. ಬುದ್ಧಿ ಬಂತೆ? 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಹೆಸರಾಂತ ತಂತ್ರಾಂಶದ ಸರದಿ. ಪಾಠ ಹೇಳುವವರೊಬ್ಬರು ಉದಾಹರಣೆಗೆಂದು ಅದರ ಪರಿಚಯ ಪುಟಕ್ಕೆ ಹೆಸರು ಸೇರಿಸಿ ತೋರಿಸಿದರು. ಶಿಷ್ಯಕೋಟಿ ಗುರುಗಳನ್ನು ಅಕ್ಷರಶಃ ಅನುಸರಿಸಿತು. ಲಕ್ಷಾಂತರ ವೆಬ್‌ಸೈಟ್‌ಗಳ ಹೊರೆ ಹೊರುವ ತಂತ್ರಾಂಶದ ಮುಂಬಾಗಿಲಿಗೆ ಸಾಲುಸಾಲಾಗಿ ಬಂದು ತಮ್ಮ ಹೆಸರು ಬರೆಯತೊಡಗಿತು. ಹಂಪಿಯ ಕಂಬಗಳ ಮೇಲೆ ಹೃದಯದ ಚಿತ್ರ ಕೊರೆದು ಇಬ್ಬರ ಹೆಸರು ಬರೆಯುವ ವಿದ್ಯೆಗೆ ಕೊನೆಗೂ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿತು.

ಡಿಸೈನ್ ಕಲಿತವರ ಲೋಕ ಬೇರೆ. ಅಲ್ಲಿ ಬಣ್ಣ ತಿಳಿ, ಮಾತು ಗಾಢ. ಅವರು ಬಿಹ್ಯಾನ್ಸ್ ತಾಣದಲ್ಲಿ ಊಟ ತರಿಸುವ ದೊಡ್ಡ ಕಂಪನಿಯ ಆ್ಯಪನ್ನು ಯಾರೂ ಕೇಳದೆ ಮರುವಿನ್ಯಾಸ ಮಾಡುತ್ತಾರೆ. ಮೊದಲು ಬಳಕೆದಾರರ ಸಂಶೋಧನೆ; ಬಳಕೆದಾರರೆಂದರೆ ಮೂವರು ರೂಮ್‌ಮೇಟ್‌ಗಳು. ಆಮೇಲೆ ಗೋಡೆಯ ಮೇಲೆ ಹಳದಿ ಚೀಟಿಗಳ ಫೋಟೊ. ಆಮೇಲೆ ಬ್ರಿಟನ್ನಿನ ಡಿಸೈನ್ ಕೌನ್ಸಿಲ್ ಪ್ರಚಾರಕ್ಕೆ ತಂದ ಜೋಡಿ ವಜ್ರದ ಚಿತ್ರ. ಸಮಸ್ಯೆಯ ಆಳಕ್ಕಿಳಿದು, ನೊಂದು, ಬೆಂದು, ನಲವತ್ತು ಪುಟಗಳ ಕೊನೆಗೆ ಹೊರಬರುವ ಪರಿಹಾರ: ಗುಂಡಿಯ ಮೂಲೆಗಳು ಇನ್ನಷ್ಟು ದುಂಡಗಾಗಿವೆ. ಆ ಆ್ಯಪಿನಲ್ಲಿ ಊಟ ತರಿಸಿಕೊಂಡ ಅಜ್ಜಿಗೆ ಕನ್ನಡದಲ್ಲಿ ಅಕ್ಷರ ಕಾಣಬೇಕಿತ್ತು ಎಂಬುದು ಯಾವ ವಜ್ರದೊಳಗೂ ಬಿದ್ದಿಲ್ಲ.

ಇವೆಲ್ಲವನ್ನೂ ಡಂಗುರ ಸಾರಲು ಲಿಂಕ್ಡ್‌ಇನ್. ಮುಖದ ಸುತ್ತ ‘ಕೆಲಸಕ್ಕೆ ಸಿದ್ಧ’ ಎಂಬ ಹಸಿರು ಕಮಾನು. ವಿನಯದಿಂದ ತಲೆಬಾಗುತ್ತ ತನ್ನನ್ನು ತಾನೇ ಹೊಗಳಿಕೊಳ್ಳುವ ಗದ್ಯವೊಂದು ಅಲ್ಲಿ ಬೆಳೆದಿದೆ: ಎರಡು ಗಂಟೆಯ ಆನ್‌ಲೈನ್ ಕೋರ್ಸ್ ಮುಗಿಸಿದ್ದಕ್ಕೆ ತಂದೆ ತಾಯಿ, ಗುರುಗಳು, ಆ ಕಠಿಣ ದಿನಗಳಲ್ಲಿ ಜೊತೆ ನಿಂತ ಎಲ್ಲರಿಗೂ ಧನ್ಯವಾದ. ಮದುವೆ ದಲ್ಲಾಳಿ ತಂದ ಜಾತಕದಲ್ಲಿ ಹುಡುಗ ಸಾಧು, ಸಸ್ಯಾಹಾರಿ, ಸ್ವಂತ ಮನೆ ಎಂದಿರುವಂತೆ ಇಲ್ಲಿಯೂ ಎಲ್ಲರೂ ಪ್ಯಾಷನೇಟ್, ಪ್ರೊಆಕ್ಟಿವ್, ಟೀಮ್ ಪ್ಲೇಯರ್. ಅಂದಹಾಗೆ ಈ ಜಾತಕವೂ ಹಸಿರು ಚೌಕಗಳ ಆ ಪುಸ್ತಕವೂ ಒಂದೇ ಬೀರುವಿನಲ್ಲಿವೆ. ಲಿಂಕ್ಡ್‌ಇನ್ ಅನ್ನು 2016ರಲ್ಲಿ 2,620 ಕೋಟಿ ಡಾಲರಿಗೂ, ಗಿಟ್‌ಹಬ್ ಅನ್ನು 2018ರಲ್ಲಿ 750 ಕೋಟಿ ಡಾಲರಿಗೂ ಮೈಕ್ರೋಸಾಫ್ಟ್ ಕೊಂಡಿತು. ಎರಡನ್ನೂ ಕೊಂಡಾಗ ಅದರ ಮುಖ್ಯಸ್ಥರಾಗಿದ್ದ ಸತ್ಯ ನಾದೆಲ್ಲಾ ಓದಿದ್ದು ನಮ್ಮ ಮಣಿಪಾಲದಲ್ಲಿ, 1988ರ ಬ್ಯಾಚು. ಅವರಿಗೆ ಕೆಲಸ ಸಿಕ್ಕಾಗ ಲಿಂಕ್ಡ್‌ಇನ್ನೂ ಇರಲಿಲ್ಲ, ಗಿಟ್‌ಹಬ್ಬೂ ಇರಲಿಲ್ಲ. ಇದ್ದಿದ್ದರೆ ಕೊಳ್ಳುವವರ ಸಾಲಿನಲ್ಲಿ ನಿಲ್ಲುವಷ್ಟು ಪುರುಸೊತ್ತು ಅವರಿಗೆ ಸಿಗುತ್ತಿತ್ತೋ ಇಲ್ಲವೋ.

ಈ ಸಂಭ್ರಮದಲ್ಲಿ ಲಾಭ ಯಾರಿಗೆ ಎಂದು ಕೇಳುವುದು ವಾಡಿಕೆ. ಟೆಂಪ್ಲೇಟ್ ಮಾರುವವರಿಗೆ ಲಾಭ. ‘ಮೂವತ್ತು ದಿನದಲ್ಲಿ ಮಿಂಚುವ ಪೋರ್ಟ್‌ಫೋಲಿಯೊ’ ಕೋರ್ಸಿನವರಿಗೆ ಲಾಭ. ಅರ್ಧ ಗಂಟೆ ಮಾತಾಡಿ ‘ರಿವ್ಯೂ’ ಎಂದು ದುಡ್ಡು ಪಡೆಯುವ ಮೆಂಟರ್‌ಗಳಿಗೆ ಲಾಭ. ಇವರಲ್ಲಿ ಅನೇಕರು ಒಂದೂವರೆ ವರ್ಷ ಕೆಲಸ ಮಾಡಿ, ಅದಕ್ಕಿಂತ ಕೆಲಸ ಸಿಗುವುದು ಹೇಗೆಂದು ಹೇಳಿಕೊಡುವುದೇ ಒಳ್ಳೆಯ ಕೆಲಸವೆಂದು ಅರಿತ ಜ್ಞಾನಿಗಳು. ಮೊದಲು ಕೊನೆಯ ವರ್ಷದ ಪ್ರಾಜೆಕ್ಟನ್ನು ಸೆಂಟರ್‌ಗಳಲ್ಲಿ ಕಪ್ಪು ಬೈಂಡಿಂಗ್, ಚಿನ್ನದ ಅಕ್ಷರ ಸಮೇತ ಕೊಳ್ಳಬಹುದಿತ್ತು. ಈಗ ಅದೇ ಸೆಂಟರ್‌ನಲ್ಲಿ ವೆಬ್‌ಸೈಟೂ ಸಿಗುತ್ತದೆ. ಕಾಂಬೊ ಆಫರ್.

ಇನ್ನು ಯಾರ ಮನ ಒಲಿಸಲು ಇಷ್ಟೆಲ್ಲ ಪೂಜೆಯೋ ಆ ಮಹನೀಯರ ಕಡೆ ತಿರುಗೋಣ. ಅಮೆರಿಕದ ಲ್ಯಾಡರ್ಸ್ ಎಂಬ ಉದ್ಯೋಗ ತಾಣ 2018ರಲ್ಲಿ ನೇಮಕಾಧಿಕಾರಿಗಳ ಕಣ್ಣಿನ ಚಲನೆ ಅಳೆದು ನೋಡಿತು. ಒಂದು ರೆಸ್ಯೂಮೆಯ ಮೊದಲ ನೋಟಕ್ಕೆ ಅವರು ಕೊಟ್ಟದ್ದು ಸರಾಸರಿ 7.4 ಸೆಕೆಂಡ್. ಮಿಣುಕುವ ಚುಕ್ಕೆಗಳ ನಮ್ಮ ವೆಬ್‌ಸೈಟ್ ಪಿಜಿಯ ವೈಫೈಯಲ್ಲಿ ತೆರೆದುಕೊಳ್ಳಲೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ‘ಹಾಯ್, ನಾನು’ ಎಂಬಲ್ಲಿಗೆ ಸಮಯ ಮುಗಿದಿರುತ್ತದೆ. ಯಾರೆಂದು ತಿಳಿಯುವ ಮುನ್ನವೇ ನಿಮ್ಮ ಮುಂದಿನ ಪ್ರಯತ್ನಗಳಿಗೆ ಶುಭ ಹಾರೈಕೆ.

ಆದರೂ ಅರ್ಜಿಯಲ್ಲಿ ‘ಪೋರ್ಟ್‌ಫೋಲಿಯೊ ಲಿಂಕ್’ ಎಂಬ ಖಾನೆಯ ಮುಂದೆ ಕೆಂಪು ನಕ್ಷತ್ರ, ಕಡ್ಡಾಯ. ರೆಸ್ಯೂಮೆ ಲಗತ್ತಿಸಿ ಎಂದ ಮೇಲೆ ಅದರಲ್ಲಿರುವುದನ್ನೆಲ್ಲ ಮತ್ತೆ ಟೈಪ್ ಮಾಡಿ ಎನ್ನುವ ಅರ್ಜಿಗಳವು. ಅಷ್ಟೂ ದಾಟಿದವನನ್ನು ಕೂರಿಸಿಕೊಂಡು ಅವರು ಕೇಳುವುದು ಅವನ ಯಾವ ಪ್ರಾಜೆಕ್ಟನ್ನೂ ಅಲ್ಲ. ಎದುರುಬದುರು ಬರುವ ಎರಡು ರೈಲು ಎಲ್ಲಿ ಸಂಧಿಸುತ್ತವೆ, ಮತ್ತು ಬೈನರಿ ಟ್ರೀಯನ್ನು ತಲೆಕೆಳಗು ಮಾಡುವುದು ಹೇಗೆ. ಇದರಲ್ಲಿ ನಮ್ಮ ಹುಡುಗರಷ್ಟೇ ಸಿಕ್ಕಿಬಿದ್ದಿಲ್ಲ. ಮ್ಯಾಕ್ ಕಂಪ್ಯೂಟರ್ ಬಳಸುವ ಪ್ರೋಗ್ರಾಮರ್‌ಗಳ ನಿತ್ಯದ ಸಲಕರಣೆಯಾದ ಹೋಮ್‌ಬ್ರೂ ಬರೆದವರು ಮ್ಯಾಕ್ಸ್ ಹೋವೆಲ್. ಗೂಗಲ್‌ನ ಬಹುಪಾಲು ಎಂಜಿನಿಯರುಗಳು ತಾನು ಬರೆದದ್ದನ್ನೇ ಬಳಸುತ್ತಾರೆ, ಆದರೆ ಬಿಳಿ ಹಲಗೆಯ ಮೇಲೆ ಬೈನರಿ ಟ್ರೀ ತಿರುಗಿಸಲು ಬಾರದ್ದಕ್ಕೆ ತನ್ನನ್ನು ತಿರಸ್ಕರಿಸಿದರು ಎಂದು 2015ರಲ್ಲಿ ಅವರೇ ಲೋಕಕ್ಕೆ ಸಾರಿದರು. ಪೋರ್ಟ್‌ಫೋಲಿಯೊ ಪರೀಕ್ಷಕರ ಮೇಜಿನ ಮೇಲೇ ಇದ್ದರೂ ಗತಿ ಇದು. ಪಿಜಿಯಲ್ಲಿರುವ ಹವಾಮಾನದ ಆ್ಯಪಿನ ಪಾಡೇನು?

ಇಷ್ಟೆಲ್ಲ ಸಾಹಸದ ಕೊನೆಗೆ ಕಾದಿರುವ ಬಹುಮಾನವನ್ನೂ ಹೇಳಿಬಿಡಬೇಕು. ದೊಡ್ಡ ಸೇವಾ ಕಂಪನಿಗಳಲ್ಲಿ ಹೊಸಬರ ಸಂಬಳ ವರ್ಷಕ್ಕೆ 3.5 ಲಕ್ಷದ ಆಸುಪಾಸು. ಹತ್ತು ವರ್ಷಕ್ಕೂ ಮೀರಿ ಹೆಚ್ಚುಕಡಿಮೆ ಅಲ್ಲೇ ಕೂತಿದೆ. ಆ ಸಂಬಳದ ಚೌಕ ಮಾತ್ರ ಯಾವತ್ತೂ ಹಸಿರಾಗುವುದಿಲ್ಲ.

ನಿಜವಾಗಿ ದುಡಿದವರಿಗೆ ಬೇರೆಯೇ ಪೇಚು. ಹದಿನೈದು ವರ್ಷದಿಂದ ಅಮೆರಿಕದ ಯಾವುದೋ ಬ್ಯಾಂಕಿನ ಕೋಬಾಲ್ ಕೋಡನ್ನು ಕಾಯುತ್ತ ಬಂದ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಬೆಂಗಳೂರಿನ ಯಾವ ಟೆಕ್ ಪಾರ್ಕಿನಲ್ಲಿ ಕಲ್ಲೆಸೆದರೂ ಇಂಥವರಿಗೆ ತಾಗುತ್ತದೆ. 1959ರಲ್ಲಿ ಹುಟ್ಟಿದ ಭಾಷೆ ಅದು. ಅವರು ಒಂದು ರಾತ್ರಿ ಎಚ್ಚರ ತಪ್ಪಿದರೆ ಯಾರದೋ ಸಂಬಳ ಯಾರದೋ ಖಾತೆಗೆ. ಈವರೆಗೆ ಎಚ್ಚರ ತಪ್ಪಿಲ್ಲ. ಆದರೆ ಅವರ ಕೆಲಸವೆಲ್ಲ ಗೌಪ್ಯತೆಯ ಕರಾರಿನೊಳಗೆ, ಒಂದು ಸಾಲನ್ನೂ ಹೊರಗೆ ತೋರಿಸುವಂತಿಲ್ಲ. ಕಂಪನಿ ಬದಲಿಸಲು ಹೊರಟರೆ ಅವರ ಅರ್ಧ ವಯಸ್ಸಿನ ನೇಮಕಾಧಿಕಾರಿ ಕೇಳುತ್ತಾನೆ:

‘ಮೇಡಂ, ನಿಮ್ಮ ಗಿಟ್‌ಹಬ್ ಪೂರ್ತಿ ಖಾಲಿ ಇದೆಯಲ್ಲ?’

‘ತೋರಿಸೋ ಹಾಗಿದ್ದರೆ ಸರ್, ಇರೋ ಕೆಲಸಾನೂ ಹೋಗಿರೋದು.’

ಹೀಗೆ ಏನನ್ನೂ ಮಾಡದವನ ಬಳಿ ತೋರಿಸಲು ನಲವತ್ತು ಪ್ರಾಜೆಕ್ಟ್ ಇವೆ. ಎಲ್ಲವನ್ನೂ ಮಾಡಿದವರ ಬಳಿ ತೋರಿಸಲು ಒಂದೂ ಇಲ್ಲ. ಪೋರ್ಟ್‌ಫೋಲಿಯೊ ಎಂಬ ಅಳತೆಗೋಲು ಅಳೆಯುತ್ತಿರುವುದು ದುಡಿಮೆಯನ್ನಲ್ಲ, ಬಿಡುವನ್ನು. ಸಂಜೆ ಮನೆಗೆ ಬಂದು ಮಕ್ಕಳ ಹೋಮ್‌ವರ್ಕ್, ಅತ್ತೆಯ ಮಾತ್ರೆ, ಕುಕ್ಕರಿನ ಸೀಟಿ ನೋಡಿಕೊಳ್ಳುವವರ ಚೌಕಗಳೆಲ್ಲ ಬೂದು. ಆ ಬೂದಿಯಲ್ಲಿ ಎಷ್ಟು ಕೆಂಡ ಇದೆಯೆಂದು ನೋಡುವ ಯಂತ್ರ ಇನ್ನೂ ಬಂದಿಲ್ಲ.

ಯಂತ್ರ ಎಂದಾಗ ನೆನಪಾಯಿತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಈ ನಾಟಕಕ್ಕೆ ಪಾತ್ರಧಾರಿಗಳ ಅಗತ್ಯವೂ ಕಡಿಮೆಯಾಗಿದೆ. ಒಂದು ಸಾಲು ಆಜ್ಞೆ ಕೊಟ್ಟರೆ ವೆಬ್‌ಸೈಟ್ ತಯಾರು, ಎರಡನೆಯದಕ್ಕೆ ಪ್ರಾಜೆಕ್ಟ್ ತಯಾರು, ಮೂರನೆಯದಕ್ಕೆ ಆ ಪ್ರಾಜೆಕ್ಟ್ ಮಾಡುವಾಗ ತಾನು ಪಟ್ಟ ಪಾಡಿನ ಭಾವುಕ ವಿವರಣೆ ತಯಾರು. ಅತ್ತ ಕಂಪನಿಯಲ್ಲೂ ಅರ್ಜಿಗಳನ್ನು ಜರಡಿ ಹಿಡಿಯುವುದು ತಂತ್ರಾಂಶವೇ. ಅದಕ್ಕೆ ಬೇಕಾದ ಪದಗಳನ್ನು ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಅಡಗಿಸಿಡುವ ಚತುರರೂ ಇದ್ದಾರೆ, ಮನುಷ್ಯರಿಗೆ ಕಾಣಬಾರದು, ಯಂತ್ರಕ್ಕೆ ಕಾಣಬೇಕು. ಒಂದು ಯಂತ್ರ ಪ್ಯಾಷನೇಟ್ ಎಂದು ಬರೆಯುತ್ತದೆ. ಇನ್ನೊಂದು ಯಂತ್ರ ಪ್ಯಾಷನೇಟ್ ಎಂದು ಓದಿ ಅಂಕ ಹಾಕುತ್ತದೆ. ಎರಡೂ ಪರಸ್ಪರ ಮೆಚ್ಚಿಕೊಂಡಿವೆ. ಬಾಡಿಗೆ ಕಟ್ಟಬೇಕಾದವನು ಮಾತ್ರ ಮನುಷ್ಯ.

ಹಾಗೆಂದು ಮಾಡಿದ ಕೆಲಸಕ್ಕೆ ಹೆಸರು ಹಾಕಿಕೊಳ್ಳುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಆ ಚಪಲಕ್ಕೆ ನಮ್ಮ ನೆಲದಲ್ಲಿ ಒಂಬೈನೂರು ವರ್ಷದ ದಾಖಲೆಯಿದೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು. ಅಲ್ಲಿನ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವಿಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಹೊಯ್ಸಳ ರೂವಾರಿಗಳೇನೂ ಸಂಕೋಚದ ಜನರಲ್ಲ. ಎದುರಾಳಿ ಶಿಲ್ಪಿಗಳನ್ನು ಮೆಟ್ಟಿ ನಿಂತೆವೆಂಬ ಅರ್ಥದ ಬಿರುದುಗಳನ್ನೂ ಕೆತ್ತಿಕೊಂಡರು. 13ನೇ ಶತಮಾನದ ಸೋಮನಾಥಪುರದಲ್ಲಿ ರೂವಾರಿ ಮಲ್ಲಿತಮ್ಮ 40ಕ್ಕೂ ಹೆಚ್ಚು ಶಿಲ್ಪಗಳಿಗೆ ತನ್ನ ಅಂಕಿತ ಹಾಕಿದ್ದಾನೆ. ಕೆಲವು ಕಡೆ ಹೆಸರನ್ನು ಪೂರ್ತಿ ಕೆತ್ತುವಷ್ಟೂ ವ್ಯವಧಾನವಿಲ್ಲದೆ ‘ಮಲ್ಲಿ’ ಎಂದು, ಕೆಲವು ಕಡೆ ಬರೀ ‘ಮ’ ಎಂದು. ಆದರೆ ಆ ಜಂಬಕ್ಕೆ ಒಂದು ಶಿಸ್ತಿತ್ತು. ಮೇಲೆ ಶಿಲ್ಪ, ಕೆಳಗೆ ಹೆಸರು. ಮೊದಲು ಶಿಲ್ಪ, ಆಮೇಲೆ ಹೆಸರು. ನಮ್ಮ ಕಾಲದ ರೂವಾರಿ ಖಾಲಿ ಪೀಠಕ್ಕೆ ಹೆಸರು ಕೆತ್ತಿ, ಬಿರುದು ಕೆತ್ತಿ, ಶಿಲ್ಪ ‘ಕಮಿಂಗ್ ಸೂನ್’ ಎಂದು ಬೋರ್ಡು ಹಾಕಿದ್ದಾನೆ.

ಅಷ್ಟು ಹಿಂದಕ್ಕೆ ಹೋಗುವುದೇ ಬೇಡ. ನಾವು ಕನ್ನಡದಲ್ಲಿ ಟೈಪ್ ಮಾಡುವ ಕೀಲಿಮಣೆ ಕೆ.ಪಿ. ರಾವ್ ಅವರ ತಲೆಯಿಂದ ಬಂದದ್ದು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಒಂದು ತಲೆಮಾರು ಬಳಸಿದ ‘ಬರಹ’ವನ್ನು 1998ರಲ್ಲಿ ಕೊಟ್ಟವರು ಶೇಷಾದ್ರಿವಾಸು. ವಿ. ಕೃಷ್ಣ ಎಂಬವರು ದಶಕಗಟ್ಟಲೆ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷ ನಮೂದುಗಳ ಆ ‘ಅಲರ್’ 2019ರಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ತೆರೆದುಕೊಂಡಿತು. ಅದರ ಮುಖಪುಟದಲ್ಲಿ ಕೈಬೀಸುವ ಹಸ್ತವಿಲ್ಲ, ಪರ್ಸೆಂಟ್ ಪಟ್ಟಿಯಿಲ್ಲ. ಹುಡುಕಲು ಒಂದು ಖಾನೆ ಇದೆ, ಪದ ಹಾಕಿದರೆ ಅರ್ಥ ಬರುತ್ತದೆ. ಇನ್ನು ದುಡ್ಡಿನ ಭಾಷೆಯೇ ಅರ್ಥವಾಗುವವರಿಗೆ ವಾರೆನ್ ಬಫೆಟ್ ಕಟ್ಟಿದ ಬರ್ಕ್‌ಷೈರ್ ಹಾಥವೇ ಕಂಪನಿಯ ವೆಬ್‌ಸೈಟ್ ತೋರಿಸಬಹುದು: ಬಿಳಿ ಹಾಳೆಯ ಮೇಲೆ ಒಂದಷ್ಟು ಲಿಂಕುಗಳು. ನಮ್ಮ ಡಿಸೈನ್ ಹುಡುಗರು ನೋಡಿದರೆ ಮರುಕಪಟ್ಟು ಮರುವಿನ್ಯಾಸ ಮಾಡಿಕೊಟ್ಟಾರು. ತೋರಿಸಲು ಸರಕು ಇರುವವರಿಗೆ ಅಂಗಡಿಯ ಸರಪಳಿ ದೀಪ ಬೇಕಾಗುವುದಿಲ್ಲ.

ಇಷ್ಟು ಬೈದ ಮೇಲೆ ಎರಡು ಮಾತು ನೇರವಾಗಿ.

ಪಿಜಿಯಲ್ಲಿ ಕೂತ ಮಕ್ಕಳೇ, ತಪ್ಪು ನಿಮ್ಮದು ಕಡಿಮೆ. ಬೇರೆಯವರು ಬರೆದ ಆಟದ ನಿಯಮಕ್ಕೆ ನೀವು ಆಡುತ್ತಿದ್ದೀರಿ. ಆದರೂ ನಲವತ್ತು ತೆಗೆದು ಒಂದು ಇಡಿ. ಆ ಒಂದನ್ನು ನಿಮ್ಮನ್ನು ಬಿಟ್ಟು ಇನ್ನೊಬ್ಬರು ಬಳಸುವಂತಿರಲಿ. ಅಪ್ಪನ ಕೊಬ್ಬರಿ ಧಾರಣೆಯ ಲೆಕ್ಕವಾಗಲಿ, ಹಾಲಿನ ಡೈರಿಯ ಪುಸ್ತಕವಾಗಲಿ, ನಿಮ್ಮ ಪಿಜಿಯ ಮೆಸ್ಸಿನ ಬಾಕಿಯಾಗಲಿ. ಯಾರೋ ಒಬ್ಬರು ಅದು ಕೆಟ್ಟ ದಿನ ಫೋನ್ ಮಾಡಿ ಬೈಯುವಂತಿರಲಿ. ಆ ಬೈಗುಳವೇ ನಿಮ್ಮ ಅನುಭವ. ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದೆ ಎಂದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಹತ್ತು ಸಾಲು ಬರೆದಿಡಿ. ಐರಿಸ್ ಹೂವನ್ನು ಅದರ ಪಾಡಿಗೆ ಬಿಡಿ. ಅದು ಯಾವ ಜಾತಿಯೆಂದು ಎಲ್ಲರಿಗೂ ಗೊತ್ತಾಗಿದೆ.

ಕೆಲಸ ಕೊಡುವ ಮಹನೀಯರೇ, ನಿಮಗೆ ಒಂದೇ ವಿನಂತಿ. ಕೇಳಿದ ಲಿಂಕನ್ನು ಹತ್ತು ನಿಮಿಷ ತೆರೆದು ನೋಡಿ, ನೋಡಿದ್ದರ ಬಗ್ಗೆಯೇ ಎರಡು ಪ್ರಶ್ನೆ ಕೇಳಿ. ಮಾಡಿದವನು ಯಾರು, ಕೊಂಡವನು ಯಾರು ಎಂದು ಅಷ್ಟರಲ್ಲೇ ತಿಳಿಯುತ್ತದೆ. ಅಷ್ಟು ಪುರುಸೊತ್ತು ನಿಮಗಿಲ್ಲವಾದರೆ ಅರ್ಜಿಯಲ್ಲಿನ ಆ ಕೆಂಪು ನಕ್ಷತ್ರವನ್ನು ತೆಗೆದುಹಾಕಿ.